ಐಸ್‌ಕ್ರೀಮ್ ಪೆಟ್ಟಿಗೆಯಲ್ಲಿ ತಾತನ ಕಂಬಳಿ

ನುಸಿ ಹಿಡಿದ ಕಂಬಳಿಯನ್ನು ಐಸ್‌ಕ್ರೀಮ್ ಪೆಟ್ಟಿಗೆಯಲ್ಲಿಟ್ಟು ಉಳಿಸುತ್ತೇನೆ ಅಂದಾಗ ಕಡೂರಿನ ನಮ್ಮ ಮನೆಯಲ್ಲಿ ನಗದವರೇ ಇಲ್ಲ. ಚಿಕ್ಕಪ್ಪ ಅಂತೂ, "ಅದಕ್ಕೂ ಚಳಿ ಆಗುತ್ತೆ ಕಣೋ, ಮೇಲೆ ಇನ್ನೊಂದು ಕಂಬಳಿ ಹೊದಿಸು" ಅಂದರು. ಆಮೇಲೆ ಎರಡು ಮೂರು ಮಳೆಗಾಲ ಕಳೆಯಿತು, ಹೊಸ ತೂತು ಒಂದೂ ಬಿದ್ದಿಲ್ಲ. ಹೋದ ವರ್ಷ ಅದೇ ಚಿಕ್ಕಪ್ಪ ತಮ್ಮ ಮಾವನ ಮನೆಯ ಕಂಬಳಿ ತಂದು, ಏನೂ ಹೇಳದೆ ನಮ್ಮ ಜಗಲಿ ಮೇಲಿಟ್ಟು ಹೋದರು. ಇನ್ನು ಬರೆಯಬಹುದು ಅನ್ನಿಸಿತು.

ಕಂಬಳಿ ತಾತನದು. ನೂಲು ಅಜ್ಜಿ ನೂತದ್ದು, ನೇಯ್ದವರು ಬೀರೂರು ಕಡೆಯ ಕುಳಿಮಗ್ಗದವರು. ಎರಡು ಪಟ್ಟಿ ನೇಯ್ದು ನಡುವೆ ಸೇರಿಸಿ ಹೊಲಿದದ್ದು. ಕರಿ ಕುರಿಯ ಉಣ್ಣೆ, ಬಣ್ಣ ಮುಟ್ಟಿಸಿಲ್ಲ. ಮಳೆಗೆ ಅದೇ ಕೊಪ್ಪೆ, ಕಣ ಕಾಯುವಾಗ ಅದೇ ಹಾಸಿಗೆ, ಮನೆಯ ಮದುವೆಗೆ ಅದೇ ಗದ್ದಿಗೆ. ಒಂದು ಮೂಲೆಯಲ್ಲಿ ಮಾಸಿದ ಅರಿಶಿನದ ಕಲೆ ಇದೆ. ಅದು ಅತ್ತೆ ಮದುವೆಯದು ಅಂತ ಅಪ್ಪ, ಅಲ್ಲ ನಮ್ಮ ಮದುವೆಯದೇ ಅಂತ ಅಮ್ಮ. ಈ ಜಗಳ ಇನ್ನೂ ಮುಗಿದಿಲ್ಲ.

ನುಸಿಗುಳಿಗೆ, ಬೇವಿನ ಸೊಪ್ಪು, ಬಿಸಿಲು, ಇವೆಲ್ಲ ನೀವೂ ಮಾಡಿರುತ್ತೀರಿ. ಗುಳಿಗೆ ಗಾಳಿಯಾಡದ ಪೆಟ್ಟಿಗೆಯಲ್ಲಿ ಮಾತ್ರ ಕೆಲಸ ಮಾಡುತ್ತದೆ, ನಮ್ಮ ಅಟ್ಟದ ಮೇಲೆ ಇಟ್ಟದ್ದು ದಂಡ. ಅದರ ಮೇಲೆ, ಕಂಬಳಿಗಿದ್ದ ಕುರಿ ವಾಸನೆ, ಒಲೆ ಹೊಗೆ ವಾಸನೆ ಎಲ್ಲ ಮುಚ್ಚಿಹೋಗಿ ಆಸ್ಪತ್ರೆ ವಾಸನೆ ಬಂತು. ಬೇವು ಒಣಗಿ ಪುಡಿಯಾಗಿ ನೂಲಿನ ಸಂದಿಗೆ ಸೇರಿತು, ಅಷ್ಟೇ. ಬಿಸಿಲಿಗೆ ಹಾಕಿ ಕೊಡವಿದರೆ ಹುಳ ಉದುರುತ್ತದೆ, ನಿಜ. ಮೊಟ್ಟೆ ಉದುರುವುದಿಲ್ಲ. ಪೇಟೆಯ ಡ್ರೈಕ್ಲೀನಿಂಗ್ ಅಂಗಡಿಯವರು ಎಂಟುನೂರು ರೂಪಾಯಿ ಕೇಳಿ, "ಗ್ಯಾರಂಟಿ ಇಲ್ಲ" ಅಂದರು. ನನ್ನ ತಮ್ಮನ ಹೆಂಡತಿ ಅವರ ತವರಿನ ಕಂಬಳಿಯನ್ನು ವಾಷಿಂಗ್ ಮೆಷಿನ್‌ಗೆ ಬಿಸಿನೀರು ಬಿಟ್ಟು ಹಾಕಿದ್ದಳು. ಅದು ಸುರುಟಿ, ಹಲಗೆಯಂತಾಗಿ, ಈಗ ಅವರ ನಾಯಿಯ ಹಾಸಿಗೆ.

ಹಾರಾಡುವ ಪತಂಗ ಉಣ್ಣೆ ತಿನ್ನುವುದಿಲ್ಲ, ತಿನ್ನುವುದು ಅದರ ಮರಿಹುಳ. ಅದಕ್ಕೆ ಕತ್ತಲೆ ಬೇಕು, ಯಾರೂ ಅಲ್ಲಾಡಿಸಬಾರದು, ಬೆವರು ಎಣ್ಣೆ ಹತ್ತಿದ ಜಾಗ ಇದ್ದರೆ ಇನ್ನೂ ಇಷ್ಟ. ತಾತ ತಲೆಗೆ ಹೊದೆಯುತ್ತಿದ್ದ ಕಡೆಯೇ ಜಾಸ್ತಿ ತೂತು ಬಿದ್ದದ್ದು ಅದಕ್ಕೇ. ಮೊಟ್ಟೆ ಸಮೇತ ಸಾಯಬೇಕಾದರೆ ಮೈನಸ್ 18 ಡಿಗ್ರಿಯ ಆಸುಪಾಸು ಚಳಿ ಬೇಕು, ಒಂದೆರಡು ವಾರ ಬೇಕು. ಮನೆಯ ಒಂಟಿ ಬಾಗಿಲಿನ ಫ್ರಿಜ್‌ನ ಮೇಲಿನ ಗೂಡಿಗೆ ಆ ಚಳಿಯೂ ಇಲ್ಲ, ಜಾಗವೂ ಇಲ್ಲ.

ಹಾಗಾಗಿ ಬೇಕರಿಯ ಐಸ್‌ಕ್ರೀಮ್ ಪೆಟ್ಟಿಗೆ. ಬೇಸಿಗೆಯಲ್ಲಿ ಕೇಳಿದರೆ ಯಾರೂ ಹತ್ತಿರ ಸೇರಿಸುವುದಿಲ್ಲ, ಆಷಾಢದಲ್ಲಿ ಕೇಳಬೇಕು. ಆಗ ಪೆಟ್ಟಿಗೆ ಅರ್ಧ ಖಾಲಿ. ಪರಿಚಯದ ಬೇಕರಿಯವರು ಐನೂರು ರೂಪಾಯಿಗೆ ಒಪ್ಪಿದರು, ಕುರಿ ವಾಸನೆ ಬಂದರೆ ಆ ಕ್ಷಣವೇ ಹೊರಗೆ ಅನ್ನುವ ಕರಾರಿನ ಮೇಲೆ. ದಪ್ಪ ಪ್ಲಾಸ್ಟಿಕ್ ಚೀಲ ಎರಡು ಸುತ್ತು, ಒಳಗಿನ ಗಾಳಿ ಒತ್ತಿ ತೆಗೆದು, ಬಾಯಿಗೆ ಟೇಪು. ಹೊರಗೆ ತೆಗೆದ ಮೇಲೆ ಅವಸರ ಮಾಡಬೇಡಿ. ಚೀಲ ಬಿಚ್ಚದೆ ಒಂದು ದಿನ ಪೂರ್ತಿ ಬಿಡಿ. ಇಲ್ಲದಿದ್ದರೆ ಹನಿ ಕಂಬಳಿಗೇ ಕೂರುತ್ತದೆ. ನಾನು ಕೆಲವು ದಿನ ಮನೆಯಲ್ಲಿಟ್ಟು ಮತ್ತೆ ಒಂದು ಸುತ್ತು ಹಾಕಿಸಿದೆ. ತಪ್ಪಿಸಿಕೊಂಡ ಮೊಟ್ಟೆ ಏನಾದರೂ ಇದ್ದರೆ ಬೆಚ್ಚಗಾದಾಗ ಒಡೆಯುತ್ತದೆ, ಎರಡನೇ ಚಳಿಗೆ ಮರಿ ಸಾಯುತ್ತದೆ.

ಆಮೇಲೆ ತೂತು. ಮೊದಲು ಪೇಟೆಯ ಕಪ್ಪು ಉಲ್ಲನ್ ದಾರ ಹಾಕಿ ನೋಡಿದೆ. ನುಣ್ಣಗೆ, ಮಿರಿಮಿರಿ, ಕಂಬಳಿ ಮೇಲೆ ಜಿಗಣೆ ಕೂತ ಹಾಗೆ. ಬಿಚ್ಚಿ ಎಸೆದೆ. ಕೈಯಲ್ಲಿ ನೂತ ನೂಲೇ ಬೇಕು. ಪಕ್ಕದ ಹಳ್ಳಿಯಲ್ಲಿ ಇನ್ನೂ ನೂಲುವ ಒಬ್ಬ ಅಜ್ಜಿ ಸಿಕ್ಕರು, ಅರ್ಧ ಕೇಜಿಗೆ ಆರುನೂರೋ ಏಳುನೂರೋ ಕೊಟ್ಟೆ. ಅದೂ ಹೊಂದಲಿಲ್ಲ. ಹೊಸ ಕರಿ ಉಣ್ಣೆ ಕಡುಕಪ್ಪು, ಹಳೆಯದು ಬಿಸಿಲಿಗೆ ಕಂದಿ ಕಂದು ತಿರುಗಿರುತ್ತದೆ ಅಲ್ವಾ. ನೂಲನ್ನು ಲಡಿ ಮಾಡಿ ತಾರಸಿ ಮೇಲೆ ಇಡೀ ಬೇಸಿಗೆ ನೇತುಹಾಕಿದೆ. ಪಕ್ಕದಲ್ಲೇ ಒಂದು ಲಡಿಯನ್ನು ಕಾಫಿ ಡಿಕಾಕ್ಷನ್‌ನಲ್ಲಿ, ಇನ್ನೊಂದನ್ನು ಅಡಿಕೆ ಚೊಗರಿನಲ್ಲಿ ಅದ್ದಿಯೂ ನೋಡಿದೆ. ಕಪ್ಪಿನ ಮೇಲೆ ಎರಡೂ ಕಾಣಲೇ ಇಲ್ಲ. ಮನೆಯವಳು ಮಾತ್ರ ಡಿಕಾಕ್ಷನ್ ಲೆಕ್ಕ ಇನ್ನೂ ಬಿಟ್ಟಿಲ್ಲ. ಬಿಸಿಲಿನ ಲಡಿ ಯುಗಾದಿಯಿಂದ ಮಳೆ ಶುರುವಾಗುವ ಹೊತ್ತಿಗೆ ಸರಿಯಾಗಿ ಹೊಂದಿತು.

ದಬ್ಬಣದಲ್ಲಿ ಮೊದಲು ಹಾಸು, ಅಂದರೆ ಉದ್ದದ ಎಳೆ ಕಟ್ಟಿ, ಆಮೇಲೆ ಹೊಕ್ಕು, ಅಂದರೆ ಅಡ್ಡ ಎಳೆ ಹಾಯಿಸಬೇಕು. ಅಜ್ಜಿಯ ನೂಲನ್ನು ಅಷ್ಟು ಹತ್ತಿರದಿಂದ ನೋಡಿದ್ದು ಆಗಲೇ. ಒಂದು ಗೇಣು ಸಣ್ಣಗೆ ಹೋಗಿ ಥಟ್ಟನೆ ಗಂಟಿನಂತೆ ದಪ್ಪವಾಗುತ್ತದೆ. ಕೂಸು ಅತ್ತಾಗ ಕೈ ನಿಂತಿರಬೇಕು ಅಂತ ಅಮ್ಮ ಹೇಳುತ್ತಾರೆ. ಒಂದು ಕಡೆ ಎಳೆಯ ಒಳಗೆ ಉತ್ತರಾಣಿ ಬೀಜ ಸಿಕ್ಕಿಕೊಂಡಿತ್ತು, ಕುರಿ ಮೈಗೆ ಅಂಟಿದ್ದು ನೂಲಿನ ಜೊತೆ ಹಾಗೇ ಸುತ್ತಿಹೋಗಿದೆ. ಅದನ್ನು ತೆಗೆಯಲಿಲ್ಲ. ನುಸಿಯ ತೂತುಗಳನ್ನೆಲ್ಲ ಮುಚ್ಚಿದೆ, ತಾತನ ಬೀಡಿ ಕಿಡಿಯ ತೂತು ಮುಚ್ಚಲಿಲ್ಲ. ನುಸಿ ನಮ್ಮ ಮನೆಯವರಲ್ಲ, ತಾತ ನಮ್ಮವರು. ಸುಟ್ಟ ಅಂಚು ಪುಡಿಯಾಗದಂತೆ ಸುತ್ತ ಒಂದು ಸಾಲು ಹೊಲಿಗೆ ಮಾತ್ರ.

ಕೊನೆಗೆ ಹುಣಸೆ ಬೀಜದ ಗಂಜಿ. ನೇಯುವ ಮೊದಲು ಹಾಸಿನ ನೂಲಿಗೆ ಹಚ್ಚುವುದು ವಾಡಿಕೆ. ನಾನು ತೇಪೆಯ ಮೇಲೆ ಹಚ್ಚಿದೆ. ಬೀಜ ಹುರಿದು, ನೆನೆಸಿ, ಸಿಪ್ಪೆ ತೆಗೆದು, ಅರೆದು ಕುದಿಸುವುದು ನಿಮಗೆ ಗೊತ್ತಿರುವುದೇ. ಎಷ್ಟು ನೀರಿಗೆ ಎಷ್ಟು ಬೀಜ, ಕುದಿಯುವಾಗ ಇನ್ನೇನು ಬೀಳುತ್ತದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಒಣಗಿದ ಮೇಲೆ ತೇಪೆ ಎಲ್ಲಿದೆ ಅಂತ ಹುಡುಕಬೇಕು, ನೋಡಿ. ಆದರೆ ಕೊಪ್ಪ, ಶೃಂಗೇರಿ ಕಡೆಯವರು ಗಂಜಿ ಹಚ್ಚಬೇಡಿ. ಕೊಪ್ಪದ ನಮ್ಮಕ್ಕನ ಮನೆಯಲ್ಲಿ ಒಂದೇ ಮಳೆಗಾಲಕ್ಕೆ ಬೂಸ್ಟು ಬಂತು. ಬಯಲುಸೀಮೆಯ ಒಣ ಹವೆಗೆ ಮಾತ್ರ ಅದು ಸರಿ.

ಎಲ್ಲ ಸೇರಿ ಎರಡು ಸಾವಿರದ ಒಳಗೇ ಮುಗಿಯಿತು. ಹಳೆ ಸಾಮಾನು ಕೊಳ್ಳುವವನೊಬ್ಬ ಬಂದು ಐದು ಸಾವಿರಕ್ಕೆ ಕೇಳಿದ. ಅಮ್ಮ ಅವನಿಗೆ ಕಾಫಿ ಕೊಟ್ಟು ಕಳಿಸಿದರು.

ಈಗ ನೆಂಟರ ಕಂಬಳಿಗಳೂ ಬರುತ್ತಿವೆ. ಕೂಲಿ ತೆಗೆದುಕೊಳ್ಳುವುದಿಲ್ಲ, ನೂಲಿನ ದುಡ್ಡು ಮತ್ತು ಬೇಕರಿಯ ಬಾಡಿಗೆ ಅಷ್ಟೇ. ಚಿಕ್ಕಪ್ಪನಿಗೆ ಮಾತ್ರ ಬಾಡಿಗೆ ಡಬಲ್.