ಹಳೆಯ ಕಾಲೇಜು ಕ್ರೀಡಾಕೂಟದ ಫಲಿತಾಂಶ ಪಟ್ಟಿಯನ್ನು ಓದುವ ಬಗೆ: ಆನ್ ಆರ್ಬರ್, 1935

ಅಥ್ಲೆಟಿಕ್ಸ್ ಕೂಟದ ಹಳೆಯ ಫಲಿತಾಂಶ ಪಟ್ಟಿ ಕೈಗೆ ಸಿಕ್ಕಾಗ ನಮ್ಮ ಕಣ್ಣು ಮೊದಲು ಓಡುವುದು ವಿಜೇತರ ಹೆಸರಿನ ಕಡೆಗೆ. ಆ ಅಭ್ಯಾಸವನ್ನು ಬದಿಗಿಟ್ಟು, ಸ್ಪರ್ಧೆಗಳು ನಡೆದ ಹೊತ್ತನ್ನು ಮೊದಲು ಹುಡುಕಬೇಕು. ಅಮೆರಿಕದ ಮಿಷಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ, ಫೆರ್ರಿ ಫೀಲ್ಡ್ ಮೈದಾನದಲ್ಲಿ, 1935ರ ಮೇ 25ರಂದು ನಡೆದ, ಬಿಗ್ ಟೆನ್ ಎಂಬ ಒಕ್ಕೂಟದ ವಿಶ್ವವಿದ್ಯಾಲಯಗಳ ಕೂಟವನ್ನೇ ಮಾದರಿಯಾಗಿ ತೆಗೆದುಕೊಳ್ಳೋಣ.

ಆ ದಿನದ ಪಟ್ಟಿಯಲ್ಲಿ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಜೆಸ್ಸಿ ಓವೆನ್ಸ್ ಹೆಸರು ನಾಲ್ಕು ಕಡೆ ಮೊದಲ ಸ್ಥಾನದಲ್ಲಿದೆ. ಆ ನಾಲ್ಕರ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಸಮಯ ಬರೆದುಕೊಳ್ಳಿ. ಮಧ್ಯಾಹ್ನ 3.15ಕ್ಕೆ 100 ಗಜದ ಓಟ, 3.25ಕ್ಕೆ ಉದ್ದ ಜಿಗಿತ, 3.34ಕ್ಕೆ 220 ಗಜದ ಓಟ, 4 ಗಂಟೆಗೆ 220 ಗಜದ ಲೋ ಹರ್ಡಲ್ಸ್ (ತಗ್ಗಾದ ಅಡೆತಡೆಗಳನ್ನು ಹಾರಿ ಓಡುವ ಓಟ). ಮೊದಲ ಮೂರರ ನಡುವೆ ಹತ್ತು ನಿಮಿಷಕ್ಕಿಂತ ಹೆಚ್ಚು ಬಿಡುವಿಲ್ಲ. ಅದಕ್ಕೂ ಕೆಲವೇ ದಿನ ಮೊದಲು ಮೆಟ್ಟಿಲಿನಿಂದ ಬಿದ್ದು ಓವೆನ್ಸ್ ಬೆನ್ನು ನೋಯಿಸಿಕೊಂಡಿದ್ದರು. ತರಬೇತುದಾರ ಲ್ಯಾರಿ ಸ್ನೈಡರ್ ಅವರನ್ನು ಕಣಕ್ಕಿಳಿಸಲು ಹಿಂಜರಿದಾಗ, ಒಂದು ಓಟ ಓಡಿ ನೋಡುತ್ತೇನೆ ಎಂದು ಒಪ್ಪಿಸಿದರು. ಪಟ್ಟಿಯಲ್ಲಿ ಈ ನೋವಿನ ಸುಳಿವಿರುವುದಿಲ್ಲ. ಆದ್ದರಿಂದ ಪಟ್ಟಿಯ ಜೊತೆಗೆ ಅಂದಿನ ವೃತ್ತಾಂತವನ್ನೂ ಇಟ್ಟುಕೊಂಡು ಓದುವುದು ಒಳ್ಳೆಯದು.

ಎರಡನೆಯದಾಗಿ ಅಳತೆಯನ್ನು ಗಮನಿಸಬೇಕು. 100 ಗಜವೆಂದರೆ 91.44 ಮೀಟರ್. ಓವೆನ್ಸ್ ಅದನ್ನು 9.4 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆಯನ್ನು ಸರಿಗಟ್ಟಿದರು; ಅದನ್ನು ಇಂದಿನ 100 ಮೀಟರ್ ಕಾಲಮಾನದ ಪಕ್ಕದಲ್ಲಿಟ್ಟು ಬೆರಗಾಗುವುದು ತಪ್ಪು ಲೆಕ್ಕ. 220 ಗಜ 201.17 ಮೀಟರ್ ಆಗುತ್ತದೆ. ಓವೆನ್ಸ್ 220 ಗಜವನ್ನು 20.3 ಸೆಕೆಂಡಿನಲ್ಲಿ ಮುಗಿಸಿದರೆಂದರೆ, ಅದಕ್ಕಿಂತ ತುಸು ಚಿಕ್ಕದಾದ 200 ಮೀಟರನ್ನೂ ಆ ಅವಧಿಯೊಳಗೆ ದಾಟಿದ್ದಾರೆ ಎಂದೇ ಅರ್ಥ. ಹೀಗಾಗಿ ಒಂದೇ ಓಟಕ್ಕೆ ಎರಡು ದಾಖಲೆ ಸಂದವು. 22.6 ಸೆಕೆಂಡಿನ ಹರ್ಡಲ್ಸ್ ಓಟಕ್ಕೂ ಇದೇ ಲೆಕ್ಕ. ಓವೆನ್ಸ್ ಆ ದಿನ ಮೂರು ವಿಶ್ವದಾಖಲೆ ಮುರಿದರು ಎಂದು ಒಂದು ಕಡೆ, ಐದು ಮುರಿದರು ಎಂದು ಇನ್ನೊಂದು ಕಡೆ ಓದಿ ಗೊಂದಲಗೊಂಡವರಿಗೆ ಉತ್ತರ ಇಲ್ಲಿದೆ: ಮುಂದೆ ಹೇಳುವ ಉದ್ದ ಜಿಗಿತದ ದಾಖಲೆಯೂ ಸೇರಿ, ಎಣಿಕೆ ಬೇರೆ ಬೇರೆ, ಓಟ ಒಂದೇ.

ಓಡಿದ ದಾರಿಯನ್ನೂ ವಿಚಾರಿಸಿ. ಅಂದಿನ 220 ಗಜದ ಓಟ ತಿರುವಿಲ್ಲದ ನೇರ ದಾರಿಯಲ್ಲಿ ನಡೆದಿತ್ತು. ಇಂದಿನ 200 ಮೀಟರ್ ಓಟಗಾರರು ಅರ್ಧಕ್ಕೂ ಹೆಚ್ಚು ದೂರವನ್ನು ತಿರುವಿನಲ್ಲೇ ಓಡುತ್ತಾರೆ. ಇದು ಓವೆನ್ಸರಿಗೆ ಅನುಕೂಲವಾದ ಸಂಗತಿ. ಆದರೆ ಅವರ ಕಾಲಡಿ ಇದ್ದದ್ದು ಕಲ್ಲಿದ್ದಲಿನ ಕಿಟ್ಟವನ್ನು ಪುಡಿ ಮಾಡಿ ಹಾಸಿದ ನೆಲ. ಆ ಕಾಲದ ಓಟಗಾರರು ಕೈಗರಣೆಯಿಂದ ನೆಲ ಅಗೆದು, ಎರಡು ಗುಳಿ ತೋಡಿ, ಅದರಲ್ಲಿ ಪಾದ ಊರಿ ಹೊರಡುತ್ತಿದ್ದರು. ಸಮಯವನ್ನು ಕೈಯಲ್ಲಿ ಹಿಡಿದ ಸ್ಟಾಪ್‌ವಾಚಿನಿಂದ, ಸೆಕೆಂಡಿನ ಹತ್ತನೇ ಒಂದು ಭಾಗದವರೆಗೆ ಮಾತ್ರ ದಾಖಲಿಸುತ್ತಿದ್ದರು. ದಶಮಾಂಶದ ನಂತರ ಒಂದೇ ಅಂಕಿ ಕಂಡರೆ ಅದು ಸ್ಟಾಪ್‌ವಾಚಿನ ಲೆಕ್ಕವೆಂದು ತಿಳಿಯಿರಿ. ಇಂದಿನ ವಿದ್ಯುನ್ಮಾನ ಸಮಯದೊಂದಿಗೆ ಅದನ್ನು ನೇರವಾಗಿ ತೂಗಬಾರದು.

ಈ ಎಲ್ಲ ಎಚ್ಚರಿಕೆಗಳನ್ನು ದಾಟಿ, ಹೆಚ್ಚು ರಿಯಾಯಿತಿ ಕೇಳದೆ ನಿಲ್ಲುವುದು ಉದ್ದ ಜಿಗಿತದ ಸಾಲು. ನನ್ನ ಮಟ್ಟಿಗೆ ಇಡೀ ಪಟ್ಟಿಯ ಜೀವ ಇರುವುದು ಇಲ್ಲೇ. ಜಪಾನಿನ ಚುಹೇಯಿ ನಂಬು 1931ರಲ್ಲಿ 7.98 ಮೀಟರ್ ಜಿಗಿದು ವಿಶ್ವದಾಖಲೆ ಬರೆದಿದ್ದರು. ಓವೆನ್ಸ್ ಆ ದೂರಕ್ಕೆ ಮರಳಿನ ಹೊಂಡದ ಬದಿಯಲ್ಲಿ ಗುರುತು ಇಡಿಸಿ, ಓಡಿ ಬಂದು, ಒಮ್ಮೆ ಮಾತ್ರ ಜಿಗಿದರು. ಟೇಪು 26 ಅಡಿ 8¼ ಅಂಗುಲ, ಅಂದರೆ 8.13 ಮೀಟರ್ ತೋರಿಸಿತು. ಗುರುತಿಗಿಂತ ಅರ್ಧ ಅಡಿ ಆಚೆ! ಒಂಬತ್ತು ನಿಮಿಷದೊಳಗೆ ಮುಂದಿನ ಓಟವಿದ್ದುದರಿಂದ ಅವರು ಎರಡನೆಯ ಜಿಗಿತಕ್ಕೆ ಬರಲೇ ಇಲ್ಲ. ಆ ಒಂದು ಜಿಗಿತದ ದಾಖಲೆ 1960ರಲ್ಲಿ ರಾಲ್ಫ್ ಬಾಸ್ಟನ್ 8.21 ಮೀಟರ್ ಜಿಗಿಯುವವರೆಗೆ, 25 ವರ್ಷ ಉಳಿಯಿತು. ಆದುದರಿಂದ ಜಿಗಿತ ಮತ್ತು ಎಸೆತದ ಫಲಿತಾಂಶ ಓದುವಾಗ, ದೂರದ ಜೊತೆಗೆ ಅದು ಎಷ್ಟನೆಯ ಯತ್ನ ಎಂಬುದನ್ನೂ ನೋಡಿ.

ಕೊನೆಗೆ ತಂಡಗಳ ಅಂಕಪಟ್ಟಿಗೆ ಬನ್ನಿ; ಅನೇಕರು ಇದನ್ನು ಓದುವುದೇ ಇಲ್ಲ. ಕಾಲೇಜು ಕೂಟದಲ್ಲಿ ಗೆದ್ದವರಿಗೆ ಮಾತ್ರವಲ್ಲದೆ, ಹಿಂದಿನ ಸ್ಥಾನಗಳಲ್ಲಿ ಬಂದವರಿಗೂ ಇಳಿಕೆಯ ಕ್ರಮದಲ್ಲಿ ಅಂಕ ಸಿಗುತ್ತದೆ. ಇಂದಿನ ಅಮೆರಿಕದ ರಾಷ್ಟ್ರೀಯ ಕಾಲೇಜು ಕೂಟದಲ್ಲಿ ಮೊದಲ ಸ್ಥಾನಕ್ಕೆ 10, ಎರಡನೆಯದಕ್ಕೆ 8, ಮೂರನೆಯದಕ್ಕೆ 6, ಹೀಗೆ ಎಂಟನೆಯವರೆಗೂ ಹಂಚಿಕೆಯಿದೆ. ಹಾಗಾಗಿ ಒಬ್ಬ ಅಸಾಧಾರಣ ಕ್ರೀಡಾಪಟುವಿಗಿಂತ, ಹತ್ತಾರು ಸ್ಪರ್ಧೆಗಳಲ್ಲಿ ಎರಡನೆಯ, ನಾಲ್ಕನೆಯ ಸ್ಥಾನ ಹಿಡಿಯುವ ಗಟ್ಟಿ ಪಡೆ ಹೆಚ್ಚು ಅಂಕ ಕೂಡಿಹಾಕಬಲ್ಲದು. ಓವೆನ್ಸ್ ನಾಲ್ಕು ಸ್ಪರ್ಧೆ ಗೆದ್ದ ಆ ಸಂಜೆಯೂ ತಂಡ ಪ್ರಶಸ್ತಿ ಓಹಿಯೋ ಸ್ಟೇಟ್‌ಗೆ ಹೋಗಲಿಲ್ಲ. ಅದನ್ನು ಗೆದ್ದದ್ದು ತವರು ನೆಲದಲ್ಲಿ ಆಡಿದ ಮಿಷಿಗನ್ ವಿಶ್ವವಿದ್ಯಾಲಯ.