ಇಂಕಿನ ಅಡಿಯ ಪೆನ್ಸಿಲ್ ಗೀಟು

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನಮ್ಮದೊಂದು ಫೋಟೊ ಫ್ರೇಮ್ ಅಂಗಡಿ ಇದೆ. ಅಪ್ಪ ಶುರು ಮಾಡಿದ್ದು. ದೇವರ ಫೋಟೊ, ಮದುವೆ ಫೋಟೊ, ತೀರಿಕೊಂಡವರ ಫೋಟೊ, ಹಳೆಯ ಕ್ಯಾಲೆಂಡರ್ ಚಿತ್ರ, ಇವಕ್ಕೆಲ್ಲ ಕಟ್ಟು ಹಾಕಿ ಕೊಡುವುದು ನಮ್ಮ ಕೆಲಸ.

2007ರ ಬೇಸಿಗೆ. ನಿವೃತ್ತ ಮಾಸ್ತರೊಬ್ಬರು ಒಂದು ಲಕೋಟೆ ಹಿಡಿದು ಬಂದರು. ಅದರಲ್ಲಿ ಇಸ್ಪೀಟ್ ಎಲೆಯಷ್ಟು ದೊಡ್ಡ ನಾಲ್ಕು ಕಾರ್ಡ್ ಇದ್ದವು. ‘ನನ್ನ ಮಗ ಅಮೆರಿಕಾದಾಗ ಇದ್ದಾಗ ಕೂಡಿಸಿದ್ದು ಇವು. ನಾಕೂ ಒಂದೇ ಫ್ರೇಮಿನಾಗ ಕೂಡಿಸಿ ಕೊಡು ತಮ್ಮಾ, ಅವನ ಖೋಲಿಗೆ ಹಾಕ್ತೀನಿ’ ಅಂದರು. ಮೂರರಲ್ಲಿ ಡ್ರ್ಯಾಗನ್, ಕತ್ತಿ ಹಿಡಿದ ವೀರ, ಹಿಮದ ಬೆಟ್ಟ. ಬಣ್ಣ ಕಣ್ಣಿಗೆ ಹೊಡೆಯುವಂತಿತ್ತು. ನಾಲ್ಕನೆಯದರಲ್ಲಿ ಬರೀ ಪೆನ್ಸಿಲ್. ಶಿರಸ್ತ್ರಾಣ ತೊಟ್ಟ ಒಬ್ಬ ಹೆಂಗಸಿನ ಮುಖ, ಅಷ್ಟೇ. ಅದನ್ನು ಎತ್ತಿ ಮೇಜಿನ ಮೇಲೆ ಇಟ್ಟೆ. ನೋಡಿದರೆ ನನ್ನ ಹೆಬ್ಬೆರಳಿಗೆ ಸೀಸದ ಕರಿ ಹತ್ತಿತ್ತು. ಕಾರ್ಡಿನ ಮೂಲೆಯಲ್ಲಿ ಒಂದು ಸಣ್ಣ ಮಸಕು ಬಿದ್ದಿತ್ತು.

ಮೈ ಝುಮ್ಮೆಂದಿತು. ಅಲ್ಲಿಯವರೆಗೆ ಅದೂ ಅಚ್ಚು ಹಾಕಿದ್ದೇ ಅಂದುಕೊಂಡಿದ್ದೆ. ಎಲ್ಲೋ ದೂರದಲ್ಲಿ ಒಬ್ಬ ಮನುಷ್ಯ ಕೂತು ಈ ಸಣ್ಣ ರಟ್ಟಿನ ಮೇಲೆ ಪೆನ್ಸಿಲ್ ಓಡಿಸಿದ್ದ. ಅವನು ಬಿಟ್ಟ ಕರಿ ಈಗ ನನ್ನ ಬೆರಳಿನ ಮೇಲೆ ಇತ್ತು. ಅವತ್ತಿನಿಂದ ಈ ಕಾರ್ಡ್‌ಗಳ ಹಿಂದೆ ಬಿದ್ದಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಟ್ರೇಡಿಂಗ್ ಕಾರ್ಡ್ ಅಂದರೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದದ ದಪ್ಪ ಕಾಗದ. ಅಮೆರಿಕದ ಟಾಪ್ಸ್ ಕಂಪನಿ 1957ರಲ್ಲಿ ಬೇಸ್‌ಬಾಲ್ ಕಾರ್ಡ್‌ಗಳನ್ನು ಈ ಅಳತೆಗೆ ತಂದಿತು. ಮುಂದೆ ಎಲ್ಲರೂ ಅದನ್ನೇ ಹಿಡಿದರು. ನಮ್ಮ ಕಡೆ ಹುಡುಗರಿಗೆ ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಕಾರ್ಡ್ ನೆನಪಿರಬಹುದು, ಅದೇ ಜಾತಿ. 1990ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿ ಕಾಲ್ಪನಿಕ ಲೋಕದ ಚಿತ್ರಕಾರರ ಹೆಸರಿನಲ್ಲೇ ಸೆಟ್ಟುಗಳು ಬಂದವು. ಕಾಮಿಕ್ ಇಮೇಜಸ್ ಕಂಪನಿ ಫ್ರಾಂಕ್ ಫ್ರಜೆಟ್ಟಾ, ಬೋರಿಸ್ ವಲೇಹೊ ಇವರ ಚಿತ್ರಗಳನ್ನು ತಂದಿತು. ಎಫ್‌ಪಿಜಿ ಅನ್ನುವ ಕಂಪನಿ ಲ್ಯಾರಿ ಎಲ್ಮೋರ್, ಕೀತ್ ಪಾರ್ಕಿನ್ಸನ್, ಮೈಕಲ್ ವೇಲನ್ ಅವರ ಸೆಟ್ಟುಗಳನ್ನು ತಂದಿತು. ಅದೇ ಹೊತ್ತಿಗೆ ಇನ್ನೊಂದು ಹೊಸದು ಶುರುವಾಯಿತು. ಅಚ್ಚಿನ ಕಾರ್ಡ್‌ಗಳ ಜೊತೆ ಕೈಯಿಂದ ಬರೆದ ಮೂಲ ಚಿತ್ರವನ್ನೂ ಕೆಲವೇ ಅದೃಷ್ಟವಂತರಿಗೆ ಕೊಡುವುದು. 1993ರಲ್ಲಿ ಸ್ಕೈಬಾಕ್ಸ್ ಕಂಪನಿ ತನ್ನ ಕಾರ್ಟೂನ್ ಸೆಟ್ಟಿನೊಂದಿಗೆ ಹಾಗೆ ಕೊಟ್ಟಿತು. 1998ರಲ್ಲಿ ಮಾರ್ವೆಲ್ ಪಾತ್ರಗಳ ಸೆಟ್ಟಿನಲ್ಲಿ ‘ಸ್ಕೆಚಾಗ್ರಾಫ್’ ಅನ್ನುವ ಹೆಸರಿನಲ್ಲಿ ಪೊಟ್ಟಣದ ಒಳಗೇ ಇಂಥ ಕಾರ್ಡ್ ಬಂದಿತು. ಇವತ್ತು ಸ್ಕೆಚ್ ಕಾರ್ಡ್ ಅನ್ನುವುದು ಇದನ್ನೇ.

ನಾನು ಮೊದಲು ಕೊಂಡಿದ್ದು ಅಚ್ಚಿನ ಸೆಟ್. 90 ಕಾರ್ಡಿನದು. ಆಗ ಬಹಳ ಅಚ್ಚು ಹಾಕಿದ್ದರಿಂದ ಅವು ಈಗಲೂ ಕಡಿಮೆ ರೊಕ್ಕಕ್ಕೆ ಸಿಗುತ್ತವೆ. ಹೊಸಬರು ಇಲ್ಲಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ಒಬ್ಬ ಚಿತ್ರಕಾರನ 90 ಚಿತ್ರ ಕೈಯಲ್ಲಿ ಹಿಡಿದು ನೋಡಿದರೆ ಅವನು ಬೆಳಕು ಎಲ್ಲಿಂದ ತರುತ್ತಾನೆ, ಬಟ್ಟೆಯ ಮಡಿಕೆ ಹೇಗೆ ಬಿಡಿಸುತ್ತಾನೆ, ಎಲ್ಲ ಗೊತ್ತಾಗುತ್ತದೆ. ಮುಂದೆ ಅವನ ಕೈಬರಹದ ಸ್ಕೆಚ್ ಎದುರಾದಾಗ ಆ ಪರಿಚಯ ಉಪಯೋಗಕ್ಕೆ ಬರುತ್ತದೆ.

ಆಮೇಲೆ ಕಾರ್ಡಿನ ಪೊಟ್ಟಣಗಳು ತುಂಬಿದ, ಇನ್ನೂ ಒಡೆಯದ ಒಂದು ಹಳೆಯ ಡಬ್ಬಿ ತರಿಸಿದೆ. ಅದು ಕೈ ಸೇರಿದ್ದು ಮೇ ತಿಂಗಳಲ್ಲಿ. ನಮ್ಮೂರಿನ ಮೇ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ, 43 ಡಿಗ್ರಿ ದಾಟುತ್ತದೆ. ಮೊದಲ ಪೊಟ್ಟಣ ಒಡೆದರೆ ಹತ್ತು ಕಾರ್ಡ್ ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗಿದ್ದವು. ಆ ಕಾಲದ ಹೊಳಪಿನ ಲೇಪನ ಶಾಖಕ್ಕೂ ಒತ್ತಡಕ್ಕೂ ಹೀಗೆ ಹಿಡಿದುಕೊಳ್ಳುತ್ತದೆ. ಉಗುರು ಹಾಕಿ ಎಬ್ಬಿಸಲು ಹೋದೆ. ಒಂದರ ಬಣ್ಣ ಕಿತ್ತು ಇನ್ನೊಂದರ ಬೆನ್ನಿಗೆ ಹೋಯಿತು. ಉಳಿದ ಪೊಟ್ಟಣಗಳನ್ನು ಅಲ್ಲಿಗೇ ನಿಲ್ಲಿಸಿ ಚಳಿಗಾಲದವರೆಗೆ ಮುಟ್ಟಲಿಲ್ಲ. ಡಿಸೆಂಬರಿನಲ್ಲಿ ಬೆಳಗಿನ ಜಾವ ಎದ್ದು, ಅಂಚಿನಿಂದ ಸ್ವಲ್ಪ ಸ್ವಲ್ಪವೇ ಬಾಗಿಸಿ ಬಿಡಿಸಿದೆ. ಬಹಳಷ್ಟು ಉಳಿದವು.

ಇನ್ನು ಮೋಸ ಹೋದ ಕಥೆ. 2010ರಲ್ಲಿ ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರ ‘ಕೈಯಿಂದ ಬರೆದದ್ದು’ ಅಂತ ಒಂದು ಡ್ರ್ಯಾಗನ್ ಕಾರ್ಡ್ ಮಾರಾಟಕ್ಕೆ ಇಟ್ಟಿದ್ದ. ಕಲರ್ ಪೆನ್ಸಿಲ್ಲಿನ ಕೆಲಸ ಚೆಂದ ಇತ್ತು. ಅಂಗಡಿಯ ಎರಡು ವಾರದ ಗಳಿಕೆ ಅದಕ್ಕೆ ಹೋಯಿತು. ಅವ್ವ ಕೇಳಿದಳು: ‘ಅಂಗೈಯಷ್ಟು ಚಿತ್ರಕ್ಕ ಇಷ್ಟ್ ರೊಕ್ಕ ಯಾಕೋ ತಮ್ಮಾ?’ ‘ಒಬ್ಬ ಮನಷ್ಯಾ ಕೈಲೆ ಬರದಾನವ್ವಾ’ ಅಂದೆ. ಕಾರ್ಡ್ ಬಂತು. ಸಂತೋಷವಾಗಿ ಎಲ್ಲರಿಗೂ ತೋರಿಸಿದೆ. ಆದರೆ ಏನೋ ಕೊರತೆ ಅನ್ನಿಸುತ್ತಿತ್ತು. ಬೆರಳಾಡಿಸಿದರೆ ಗೆರೆ ಕೈಗೆ ಸಿಗುತ್ತಿರಲಿಲ್ಲ.

ಒಂದು ವಾರದ ನಂತರ ಉತ್ತರ ಹೊಳೆಯಿತು. ಅದು ಅಪ್ಪ ಕಲಿಸಿದ್ದೇ. ನಮ್ಮ ಅಂಗಡಿಗೆ ಹಳೆಯ ಕ್ಯಾಲೆಂಡರ್ ಚಿತ್ರಗಳು ಇವತ್ತಿಗೂ ಬರುತ್ತವೆ. ಅದರಲ್ಲಿ ನಮ್ಮೂರಿನವರೇ ಆದ ಎಸ್.ಎಂ. ಪಂಡಿತ್ ಅವರ ಚಿತ್ರಗಳೂ ಇರುತ್ತವೆ. 1916ರಲ್ಲಿ ಇಲ್ಲಿ ಹುಟ್ಟಿ, ಮುಂಬೈಗೆ ಹೋಗಿ, ಸಿನಿಮಾ ಪೋಸ್ಟರ್ ಬರೆದು, ಪುರಾಣದ ದೇವರನ್ನು ಕ್ಯಾಲೆಂಡರ್ ಮೂಲಕ ಮನೆ ಮನೆಗೆ ತಂದವರು. ಊರಿನ ರಂಗಮಂದಿರಕ್ಕೆ ಅವರದೇ ಹೆಸರು ಇದೆ. ಯಾರಾದರೂ ‘ಇದು ಪಂಡಿತರ ಕೈಯಿಂದಲೇ ಬರೆದದ್ದು’ ಅಂತ ತಂದರೆ ಅಪ್ಪ ಗಡಿಯಾರ ರಿಪೇರಿಯವರ ಕಣ್ಣುಗನ್ನಡಿ ಹಾಕಿಕೊಂಡು ನೋಡುತ್ತಿದ್ದರು. ‘ಚುಕ್ಕಿ ಕಾಣ್ತಾವು. ಇದು ಪ್ರೆಸ್ಸಿನ್ಯಾಗ ಹಾಕಿದ್ದು’ ಅಂತ ಮೆತ್ತಗೆ ಹೇಳುತ್ತಿದ್ದರು. ಆಫ್‌ಸೆಟ್ ಅಚ್ಚಿನಲ್ಲಿ ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕಿಗಳು ಸಾಲಾಗಿ ಕೂತು ಸಣ್ಣ ಸಣ್ಣ ಹೂವಿನಂತೆ ಕಾಣುತ್ತವೆ. ಕುಂಚದ ಬಣ್ಣ ಹಾಗೆ ಒಡೆಯುವುದಿಲ್ಲ.

ಅದೇ ಗಾಜನ್ನು ನನ್ನ ಡ್ರ್ಯಾಗನ್ ಮೇಲೆ ಹಿಡಿದೆ. ಹೂವಿನಂಥ ಚುಕ್ಕಿ ಇರಲಿಲ್ಲ. ಆದರೆ ಕಪ್ಪು ಗೆರೆಯ ತುಂಬ ಸಿಂಪಡಿಸಿದಂಥ ಅಡ್ಡಾದಿಡ್ಡಿ ಕಣಗಳಿದ್ದವು. ಕಂಪ್ಯೂಟರ್ ಪ್ರಿಂಟರಿನ ಕೆಲಸ. ಪ್ರಿಂಟ್ ತೆಗೆದು ಅದರ ಮೇಲೆ ಕಲರ್ ಪೆನ್ಸಿಲ್ ಆಡಿಸಿದ್ದರು. ರೊಕ್ಕ ವಾಪಸ್ ಬರಲಿಲ್ಲ. ಆ ಕಾರ್ಡನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ, ನೋಡಲು ಕಲಿಯುವವರಿಗೆ ತೋರಿಸುವುದಕ್ಕೆ.

ಈಗ ನಾನು ಹೀಗೆ ನೋಡುತ್ತೇನೆ. ಮೊದಲು ದೀಪವನ್ನು ಪಕ್ಕಕ್ಕೆ ಇಟ್ಟು ಕಾರ್ಡನ್ನು ಓರೆಯಾಗಿ ಹಿಡಿಯುತ್ತೇನೆ. ಪೆನ್ನು, ಪೆನ್ಸಿಲ್ ಒತ್ತಿದ ಕಡೆ ಕಾಗದ ಸ್ವಲ್ಪ ತಗ್ಗಿರುತ್ತದೆ. ಓರೆ ಬೆಳಕಿನಲ್ಲಿ ಆ ತಗ್ಗು ನೆರಳಾಗಿ ಕಾಣುತ್ತದೆ. ಪೆನ್ಸಿಲ್ ಸೀಸಕ್ಕೆ ಒಂದು ಬೂದು ಹೊಳಪು ಇರುತ್ತದೆ, ಅಚ್ಚಿಗೆ ಅದು ಬರುವುದಿಲ್ಲ. ಆಮೇಲೆ ಹತ್ತು ಪಟ್ಟು ದೊಡ್ಡದು ಮಾಡುವ ಗಾಜು. ಮಾರ್ಕರ್ ಬಣ್ಣವಾದರೆ ಒಂದು ಪಟ್ಟೆಯ ಮೇಲೆ ಇನ್ನೊಂದು ಪಟ್ಟೆ ಹತ್ತಿದ ಜಾಗ ಗಾಢವಾಗಿರುತ್ತದೆ. ಬಿಳಿ ತಿದ್ದುಪಡಿ ಇದ್ದರೆ ಅದು ಉಬ್ಬಿ ನಿಂತಿರುತ್ತದೆ. ಎಲ್ಲಕ್ಕಿಂತ ನನಗೆ ಇಷ್ಟವಾಗುವುದು ಇಂಕಿನ ಅಡಿಯಲ್ಲಿ ಅರೆಬರೆ ಅಳಿಸಿದ ಪೆನ್ಸಿಲ್ ಗೀಟು. ಮೂಗು ಮೊದಲು ಸ್ವಲ್ಪ ಎಡಕ್ಕೆ ಇತ್ತು, ಆಮೇಲೆ ಬಲಕ್ಕೆ ತಂದ. ಕತ್ತಿ ಮೊದಲು ಗಿಡ್ಡ ಇತ್ತು, ಉದ್ದ ಮಾಡಿದ. ಬರೆಯುವವನು ಮನಸ್ಸು ಬದಲಿಸಿದ ಕ್ಷಣ ಅಲ್ಲಿ ಸಿಕ್ಕಿಬಿಡುತ್ತದೆ. ಆ ಗೀಟು ಸಿಕ್ಕ ದಿನ ನನಗೆ ಊಟವೂ ನೆನಪಾಗುವುದಿಲ್ಲ.

ಇದೇ ಕಾರಣಕ್ಕೆ ಹಳೆಯ ಸ್ಕೆಚ್ ಕಾರ್ಡ್ ನನಗೆ ಜಾಸ್ತಿ ಪ್ರೀತಿ. ಈಗಿನವು ಪೂರ್ತಿ ಬಣ್ಣದ ಚಿತ್ರಗಳು, ತುದಿಯಿಂದ ತುದಿಗೆ ತುಂಬಿರುತ್ತವೆ. ಶ್ರಮಕ್ಕೆ ಕೈ ಮುಗಿಯಬೇಕು. ಆದರೆ ಮೊದಲಿನವರು ರಾಶಿ ರಾಶಿ ಖಾಲಿ ರಟ್ಟು ಮುಂದಿಟ್ಟುಕೊಂಡು ಬೇಗ ಬೇಗ ಬರೆಯುತ್ತಿದ್ದರು. ಒಂದು ಮುಖ, ನಾಲ್ಕು ಗೆರೆ, ಕೆಳಗೆ ಸಹಿ. ಅವಸರದಲ್ಲಿ ಯಾರೂ ಸುಳ್ಳು ಗೆರೆ ಎಳೆಯಲಾರರು. ಕೈ ತನಗೆ ಗೊತ್ತಿರುವುದನ್ನಷ್ಟೇ ಮಾಡುತ್ತದೆ. ‘ಅರ್ಧ ಚಿತ್ರಕ್ಕೆ ಇಷ್ಟು ಬೆಲೆ ಯಾಕೆ’ ಅಂತ ಕೇಳುವವರಿಗೆ ನಾನು ಗಾಜು ಕೊಟ್ಟು ನೋಡಿ ಅನ್ನುತ್ತೇನೆ.

ಕೊಳ್ಳಲು ಆಗದವರಿಗೂ ದಾರಿ ಇದೆ. 1997ರಲ್ಲಿ ಜ್ಯೂರಿಕ್ ನಗರದಲ್ಲಿ ವಾಂಚಿ ಸ್ಟಿರ್ನೆಮಾನ್ ಅನ್ನುವ ಕಲಾವಿದ 1200 ಸಣ್ಣ ಕಾರ್ಡ್ ತಾನೇ ಮಾಡಿ ಪ್ರದರ್ಶನಕ್ಕಿಟ್ಟ. ಬೇಕಾದವರು ತಮ್ಮದೊಂದು ಕಾರ್ಡ್ ಬರೆದು ತಂದು ಬದಲಾಯಿಸಿಕೊಳ್ಳಬಹುದಿತ್ತು. ಅಳತೆ ಅದೇ, ಮಾರಾಟ ಮಾತ್ರ ಇಲ್ಲ. ಇದು ನನಗೆ ಬಹಳ ಹಿಡಿಸಿತು. ಫ್ರೇಮಿಗೆ ಮೌಂಟ್, ಅಂದರೆ ಚಿತ್ರದ ಸುತ್ತ ಕೂಡಿಸುವ ರಟ್ಟಿನ ಚೌಕಟ್ಟು, ಕತ್ತರಿಸಿದಾಗ ಉಳಿಯುವ ರಟ್ಟನ್ನು ಇದೇ ಅಳತೆಗೆ ಕತ್ತರಿಸಿ ಇಟ್ಟುಕೊಂಡೆ. ಚಿತ್ರಕಲೆ ಕಲಿಯುವ ಹುಡುಗ ಹುಡುಗಿಯರು ಫ್ರೇಮ್ ಹಾಕಿಸಲು ಬಂದಾಗ ಎರಡು ರಟ್ಟು ಕೊಡುತ್ತೇನೆ. ಒಂದು ಅವರಿಗೆ, ಒಂದು ನನಗೆ. ಸುರಪುರದ ಕಡೆಯ ಒಬ್ಬ ಹುಡುಗಿ ಹಾರುವ ಕುದುರೆ ಬರೆದು ಕೊಟ್ಟಳು. ಅಂಚಿಗೆ ಬಂಗಾರದ ಬಣ್ಣದ ಬಳ್ಳಿ ಇತ್ತು. ‘ನಮ್ಮೂರ ಹಳೇ ಚಿತ್ರದಾಗ ಹಿಂಗೇ ಇರ್ತದ ಕಾಕಾ’ ಅಂದಳು. ನಾಯಕ ಅರಸರ ಕಾಲದ ಸುರಪುರದ ಚಿಕಣಿ ಚಿತ್ರಗಳ ಬಗ್ಗೆ ಹೇಳುತ್ತಿದ್ದಳು. ಇಷ್ಟು ಸಣ್ಣ ಜಾಗದಲ್ಲಿ ಒಂದು ಲೋಕ ಬರೆಯುವುದು ನಮಗೆ ಹೊಸದಲ್ಲ ನೋಡಿ. ಮೈಸೂರು ಕಡೆಯ ಗಂಜೀಫಾ ಅನ್ನುವ ಹಳೆಯ ಇಸ್ಪೀಟಿನಂಥ ಆಟದ ಎಲೆಗಳೂ ಕೈಯಿಂದ ಬರೆದವೇ ಅಲ್ವಾ? ದಶಾವತಾರದ ಆಟದಲ್ಲಿ ಒಂದೊಂದು ಅವತಾರಕ್ಕೆ 12ರಂತೆ 120 ಎಲೆ. ಅಷ್ಟನ್ನೂ ಕುಂಚ ಹಿಡಿದು ಬರೆಯುತ್ತಿದ್ದರು.

ಇನ್ನು ಕಾಪಾಡುವ ವಿಷಯ. ಇದರಲ್ಲಿ ನಮ್ಮ ಊರು ಕಠಿಣ. ಬೇಸಿಗೆಯಲ್ಲಿ ಬೆಂಕಿ, ಮಳೆಗಾಲದಲ್ಲಿ ತೇವ, ಎರಡರ ನಡುವೆ ಧೂಳು. ಮೊದಲು ಕಾರ್ಡ್‌ಗಳನ್ನು ಕಬ್ಬಿಣದ ಅಲಮಾರಿಯಲ್ಲಿ ಇಟ್ಟಿದ್ದೆ. ಅದು ಪಶ್ಚಿಮದ ಗೋಡೆಗೆ ಒರಗಿತ್ತು. ಸಂಜೆ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಈಗ ಮನೆಯ ಒಳಗಿನ ಖೋಲಿಗೆ ತಂದಿದ್ದೇನೆ. ಅಲ್ಲಿ ಹಳೆಯ ಶಹಾಬಾದ್ ಕಲ್ಲಿನ ನೆಲ ಇದೆ, ಮಧ್ಯಾಹ್ನವೂ ತಣ್ಣಗಿರುತ್ತದೆ. ಕಾರ್ಡಿನ ಡಬ್ಬಿಯನ್ನು ನೆಲಕ್ಕೆ ತಾಗಿಸದೆ ಮರದ ಹಲಗೆಯ ಮೇಲೆ ಇಡುತ್ತೇನೆ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪುಡಿಕೆ ಹಾಕುತ್ತೇನೆ. ನುಸಿ ಗುಳಿಗೆ ಹತ್ತಿರ ಸುಳಿಯಬಾರದು. ಅದರ ಆವಿ ಕೆಲವು ಪ್ಲಾಸ್ಟಿಕ್ಕನ್ನು ಕೆಡಿಸುತ್ತದೆ.

ಕವರ್ ಕೊಳ್ಳುವಾಗ ಜೋಪಾನ. ಸ್ಟೇಷನರಿ ಅಂಗಡಿಯ ಮೆತ್ತನೆಯ, ವಾಸನೆ ಹೊಡೆಯುವ ಪಿವಿಸಿ ಕವರ್ ಬೇಡವೇ ಬೇಡ. ವರ್ಷಗಳು ಕಳೆದಂತೆ ಅದರಿಂದ ಜಿಡ್ಡು ಹೊರಬಂದು ಇಂಕನ್ನು ಹಿಡಿದುಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರ್ ಒಳಗೆ ಹಾಕಿ, ಅದನ್ನು ಗಟ್ಟಿ ಹೊದಿಕೆಯಲ್ಲಿ ಇಡಬೇಕು. ಪೆನ್ಸಿಲ್ ಚಿತ್ರವನ್ನು ಬಿಗಿ ಕವರಿಗೆ ತೂರಿಸಿದರೆ ಒರೆಸಿದಂತಾಗುತ್ತದೆ. ಅದಕ್ಕೆ ಕವರನ್ನು ಒಂದು ಬದಿ ಸೀಳಿ, ಪುಸ್ತಕದಂತೆ ತೆರೆದು, ಮಧ್ಯೆ ಕಾರ್ಡ್ ಮಲಗಿಸಿ ಮುಚ್ಚುತ್ತೇನೆ. ಮಾರ್ಕರ್ ಚಿತ್ರಗಳನ್ನು ಬೆಳಕಿಗೆ ತೋರಿಸುವುದೇ ಇಲ್ಲ. ಅದರ ಬಣ್ಣ ಬಿಸಿಲಿಗೆ ಹಾರಿಹೋಗುತ್ತದೆ.

ಹೊರದೇಶದಿಂದ ತರಿಸುವುದು ದೊಡ್ಡ ವಿಷಯವೇನಲ್ಲ. ನೋಂದಾಯಿತ ಅಂಚೆ ಇರಲಿ, ಎರಡು ಗಟ್ಟಿ ರಟ್ಟಿನ ನಡುವೆ ಕಟ್ಟಿ ಕಳಿಸಲು ಹೇಳಿ. ಸುಂಕ ಬಿದ್ದರೆ ಪೋಸ್ಟ್‌ಮ್ಯಾನ್ ಬಂದಾಗ ಕಟ್ಟಬೇಕಾಗುತ್ತದೆ, ಅದನ್ನೂ ಸೇರಿಸಿಯೇ ಬೆಲೆ ಲೆಕ್ಕ ಹಾಕಿ.

2019ರಲ್ಲಿ ಆ ಮಾಸ್ತರು ಮತ್ತೆ ಬಂದರು. ಕೈಯಲ್ಲಿ ನಾನೇ ಹಾಕಿದ್ದ ಫ್ರೇಮ್, ಗಾಜು ಒಡೆದಿತ್ತು. ಬಿಚ್ಚಿ ನೋಡಿ ಸುಮ್ಮನೆ ಕೂತೆ. ಹನ್ನೆರಡು ವರ್ಷ ಕಿಟಕಿಯ ಎದುರು ಇದ್ದು ಮೂರೂ ಅಚ್ಚಿನ ಚಿತ್ರಗಳ ಕೆಂಪು, ಹಳದಿ ಹೋಗಿ ಬರೀ ನೀಲಿ ಉಳಿದಿತ್ತು. ಪೆನ್ಸಿಲ್ ಮುಖ ಮಾತ್ರ ಹಾಗೇ ಇತ್ತು. ಸೀಸ ಬಿಸಿಲಿಗೆ ಮಾಸುವುದಿಲ್ಲ. ಆದರೆ ನಾನು ಅವತ್ತು ಕಾರ್ಡಿಗೆ ತಾಗಿಸಿಯೇ ಗಾಜು ಕೂಡಿಸಿದ್ದೆ. ಗಾಜಿನ ಚೂರಿನ ಮೇಲೆ ಆ ಹೆಂಗಸಿನ ಕಣ್ಣು, ತುಟಿ ತೆಳ್ಳಗೆ ಇಳಿದಿದ್ದವು.

ಮಾಸ್ತರಿಗೆ ನನ್ನ ತಪ್ಪು ಹೇಳಿದೆ. ಹೊಸ ಫ್ರೇಮಿಗೆ ರೊಕ್ಕ ತೆಗೆದುಕೊಳ್ಳಲಿಲ್ಲ. ಈ ಸಲ ದಪ್ಪ ಮೌಂಟ್ ಇಟ್ಟು, ಗಾಜು ಮತ್ತು ಕಾರ್ಡಿನ ನಡುವೆ ಜಾಗ ಬಿಟ್ಟೆ. ‘ಕಿಟಕಿ ಎದುರು ಹಾಕಬ್ಯಾಡ್ರಿ ಸರ್, ಒಳಗಿನ ಗ್ವಾಡಿಗೆ ಹಾಕ್ರಿ’ ಅಂದೆ. ಕಟ್ಟುವ ಮೊದಲು ದೊಡ್ಡದು ಮಾಡುವ ಗಾಜು ಹಿಡಿದು ಒಮ್ಮೆ ನೋಡಿದೆ. ಮೂಲೆಯಲ್ಲಿ ನನ್ನ ಹೆಬ್ಬೆರಳಿನ ಮಸಕು ಇನ್ನೂ ಇತ್ತು. ಅದನ್ನು ಒರೆಸಲು ಹೋಗಲಿಲ್ಲ.