ಬಿಸಿ ಗಾಳಿ ಎಳೆಯುತ್ತಿದ್ದ ಏರ್ ಇಂಟೇಕ್

ನನ್ನ ಪೆಟ್ರೋಲ್ ಹ್ಯಾಚ್‌ಬ್ಯಾಕ್‌ಗೆ ಕೋನ್ ಫಿಲ್ಟರ್ ಇರುವ ಇಂಟೇಕ್ ಕಿಟ್ (ಇಂಜಿನ್‌ಗೆ ಗಾಳಿ ಎಳೆಯುವ ಪೈಪ್, ಫಿಲ್ಟರ್) ಹಾಕಿದ ಮೇಲೆ ಸದ್ದು ಜೋರಾಯಿತು. ಆದರೆ ಸಿಗ್ನಲ್‌ನಿಂದ ಹೊರಡುವಾಗ ಪಿಕಪ್ ಮಂಕು. ಕಾರಿನ ಸೆನ್ಸರ್ ಲೆಕ್ಕ ತೋರಿಸುವ ಒಬಿಡಿ ಸ್ಕ್ಯಾನರ್ ಸಿಕ್ಕಿಸಿ ನೋಡಿದೆ. ಹೊರಗೆ 30 ಡಿಗ್ರಿ, ಟ್ರಾಫಿಕ್‌ನಲ್ಲಿ ನಿಂತಾಗ ಇಂಟೇಕ್ ಗಾಳಿ 60 ದಾಟುತ್ತಿತ್ತು! ಗಾಳಿ 10 ಡಿಗ್ರಿ ಬಿಸಿಯಾದರೆ ಸುಮಾರು ಶೇ. 3ರಷ್ಟು ತೆಳುವಾಗುತ್ತದೆ. ಇಂಜಿನ್‌ಗೆ ಸಿಗುವ ಆಮ್ಲಜನಕವೂ ಅಷ್ಟೇ ಕಮ್ಮಿ. ಕಂಪನಿಯ ಏರ್ ಬಾಕ್ಸ್ (ಹಳೆ ಫಿಲ್ಟರ್ ಇದ್ದ ಡಬ್ಬಿ) ಗ್ರಿಲ್ ಹತ್ತಿರದ ಗಾಳಿ ಎಳೆಯುತ್ತಿತ್ತು. ಹೊಸ ಫಿಲ್ಟರ್ ರೇಡಿಯೇಟರ್ ಹಿಂದೆ ಬರಿಮೈಯಲ್ಲಿ ಕೂತಿತ್ತು.

ಅಲ್ಯೂಮಿನಿಯಂ ಶೀಟ್ ಬಗ್ಗಿಸಿ ಫಿಲ್ಟರ್ ಸುತ್ತ ಗೋಡೆ ಕಟ್ಟಿದೆ. ಬಾನೆಟ್ ತಾಗುವ ಅಂಚಿಗೆ ರಬ್ಬರ್ ಬೀಡಿಂಗ್. ಗ್ರಿಲ್ ಕಡೆಯ ಹಳೆ ಪೈಪನ್ನು ಒಳಗೆ ಬಿಟ್ಟೆ. ಫಿಲ್ಟರನ್ನೇ ಬಂಪರ್ ಕೆಳಗೆ ಇಳಿಸಿ ಅಂದವರೂ ಇದ್ದರು. ಮಳೆಗಾಲದಲ್ಲಿ ಇಂಜಿನ್ ನೀರು ಎಳೆದುಕೊಂಡರೆ ಪಿಸ್ಟನ್‌ಗೆ ಜೋಡಿಸಿದ ಕನೆಕ್ಟಿಂಗ್ ರಾಡೇ ಬಾಗಬಹುದು, ಬೇಡಪ್ಪಾ.

ಐಡ್ಲಿಂಗ್‌ನಲ್ಲಿ ಆರ್‌ಪಿಎಂ ಏರಿಳಿಯುತ್ತಿದ್ದುದು ಬೇರೆ ಕಥೆ. ಒಳಹೋಗುವ ಗಾಳಿ ಅಳೆಯುವ ಏರ್ ಫ್ಲೋ ಸೆನ್ಸರ್ ಆದಮೇಲೆ ಸೇರುವ ಬ್ರೀದರ್ ಹೋಸ್ (ಇಂಜಿನ್ ಒಳಗಿನ ಆವಿ ಇಂಟೇಕ್‌ಗೆ ತರುವ ಪೈಪ್) ಸಡಿಲವಿತ್ತು. ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತಿತ್ತು. ಸರಿಯಾದ ಅಳತೆಯ ಕ್ಲಾಂಪ್ ಹಾಕಿ ಬಿಗಿದೆ, ನಿಂತಿತು.

ಈಗ ಗಾಡಿ ಓಡುವಾಗ ಇಂಟೇಕ್ ಗಾಳಿ ಹೊರಗಿನದಕ್ಕಿಂತ ಸ್ವಲ್ಪವೇ ಬಿಸಿ. ನಿಂತರೆ ಏರುತ್ತದೆ, ಹೊರಟ ಕೂಡಲೇ ಇಳಿಯುತ್ತದೆ. ಪವರ್ ಜಾಸ್ತಿ ಆಯ್ತಾ? ಹಳೆ ಬಾಕ್ಸ್‌ಗಿಂತ ಹೆಚ್ಚೇನೂ ಅನ್ನಿಸಿಲ್ಲ. ಸದ್ದು ಮಾತ್ರ ಸೂಪರ್.